ಹಳೆ ಮನೆಯ ಅಟ್ಟದಲ್ಲಿ ಕು ಕ್ಲಕ್ಸ್ ಕ್ಲಾನ್ ಕಾಗದಪತ್ರ ಸಿಕ್ಕಿದೆ, ಸುಟ್ಟುಬಿಡಲಾ?

ಸುಡಬೇಡಿ. ಮಾರಲೂ ಬೇಡಿ. ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕುವ ಯೋಚನೆಯಿದ್ದರೆ ಅದನ್ನೂ ಸದ್ಯಕ್ಕೆ ಬಿಡಿ.

ನಿಮ್ಮ ಪ್ರಶ್ನೆ ಉದ್ದ ಇದೆ, ಓದುವ ಬೇರೆಯವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ನೂರು ವರ್ಷ ದಾಟಿದ ಮನೆ ಕೊಂಡಿದ್ದೀರಿ. ಅಟ್ಟ ಖಾಲಿ ಮಾಡುವಾಗ ಒಂದು ತಗಡಿನ ಪೆಟ್ಟಿಗೆ ಸಿಕ್ಕಿದೆ. ಒಳಗೆ ಬಿಳಿಯರೇ ಮೇಲು ಅನ್ನುವ ಗುಟ್ಟಿನ ಸಂಘವಾದ ಕು ಕ್ಲಕ್ಸ್ ಕ್ಲಾನಿನ 1924ರ ಆಸುಪಾಸಿನ ರಸೀದಿಗಳು, ಸದಸ್ಯತ್ವದ ಚೀಟಿಗಳು, ಒಂದು ಹೆಸರುಪಟ್ಟಿ, ಮಡಚಿಟ್ಟ ಬಿಳಿ ನಿಲುವಂಗಿ. ಪಟ್ಟಿಯಲ್ಲಿ ಪಕ್ಕದ ಮನೆಯವರ ಸರ್‌ನೇಮ್ ಇದೆ. ಊರಿಂದ ಬಂದಿರುವ ನಿಮ್ಮ ಅತ್ತೆ "ಇಂಥ ಪೀಡೆ ಮನೇಲಿ ಇರಬಾರದು, ಮೊದ್ಲು ಸುಟ್ಟುಹಾಕಿ" ಅಂತಿದ್ದಾರೆ. ನಿಮಗೂ ಹಾಗೇ ಅನ್ನಿಸುತ್ತಿದೆ.

ಮನೆಯಲ್ಲಿ ಇರಬಾರದು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಅದು ಹೋಗಬೇಕಾದ ಜಾಗ ಬೆಂಕಿಯಲ್ಲ. ನಾನು ಡೆನ್ವರ್ ಹತ್ತಿರದ ಒಂದು ಗ್ರಂಥಾಲಯದಲ್ಲಿ ಹಳೆ ಕಾಗದಪತ್ರಗಳ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇಂಥ ಪೆಟ್ಟಿಗೆಗಳಿಂದ ಏನೇನು ಹೊರಬಂದಿದೆ ಅಂತ ಗೊತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ನಿಮ್ಮ ರಾಜ್ಯದ ಕತೆಯನ್ನೇ ನೋಡಿ. 1865ರ ಕೊನೆಗೆ ಟೆನೆಸ್ಸಿಯ ಪುಲಾಸ್ಕಿಯಲ್ಲಿ ಶುರುವಾದ ಕ್ಲಾನ್ ಬೇರೆ. ಅದು ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು ರಾತ್ರಿ ಹೊತ್ತು ಬಂದು ಹೊಡೆದು ಕೊಂದು ಹೆದರಿಸುತ್ತಿದ್ದ ಗುಂಪು. ನಿಮ್ಮ ಪೆಟ್ಟಿಗೆಯದ್ದು ಎರಡನೇ ಕ್ಲಾನ್. 1915ರಲ್ಲಿ ಜಾರ್ಜಿಯಾದ ಸ್ಟೋನ್ ಮೌಂಟನ್ ಮೇಲೆ ವಿಲಿಯಂ ಸಿಮನ್ಸ್ ಎಂಬಾತ ಮತ್ತೆ ಹುಟ್ಟುಹಾಕಿದ್ದು. ಇದು ದಕ್ಷಿಣಕ್ಕಿಂತ ಉತ್ತರದಲ್ಲಿ, ಹಳ್ಳಿಯಷ್ಟೇ ಪಟ್ಟಣದಲ್ಲೂ ಬೆಳೆಯಿತು. ಕಪ್ಪು ಜನರ ಜೊತೆಗೆ ಕ್ಯಾಥೊಲಿಕರು, ಯಹೂದಿಗಳು, ಹೊರಗಿನಿಂದ ಬಂದವರು, ಎಲ್ಲರೂ ಇದಕ್ಕೆ ಶತ್ರುಗಳು. ಇಂಡಿಯಾನಾದಲ್ಲಿ ಸುಮಾರು ಎರಡೂವರೆ ಲಕ್ಷ ಸದಸ್ಯರಿದ್ದರು ಅಂತ ಇತಿಹಾಸಕಾರರ ಲೆಕ್ಕ. ಅಲ್ಲೇ ಹುಟ್ಟಿದ ಬಿಳಿ ಗಂಡಸರಲ್ಲಿ ಕಾಲುಭಾಗಕ್ಕಿಂತ ಜಾಸ್ತಿ. ಇಷ್ಟು ಖಚಿತವಾಗಿ ಹೇಳಲು ಹೇಗೆ ಸಾಧ್ಯವಾಯಿತು? ಯಾರೋ ಒಬ್ಬರು ಸದಸ್ಯರ ಪಟ್ಟಿಗಳನ್ನು ಸುಡದೆ ಬಿಟ್ಟಿದ್ದರಿಂದ.

ನಿಮ್ಮ ಹಾಗೆಯೇ ಇನ್ನೊಬ್ಬರಿಗೂ ಸಿಕ್ಕಿತ್ತು. 1995ರಲ್ಲಿ ಇಂಡಿಯಾನಾದ ನೋಬಲ್ಸ್‌ವಿಲ್ಲಿನಲ್ಲಿ ಒಂದು ಹಳೆ ಕೊಟ್ಟಿಗೆಯೊಳಗೆ ಟ್ರಂಕು ಸಿಕ್ಕಿತು. ಒಳಗೆ ಸಾವಿರಕ್ಕೂ ಹೆಚ್ಚು ಸದಸ್ಯತ್ವದ ಚೀಟಿಗಳು. ಊರಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಹೆಸರು ಹೊರಗೆ ಬಿಡಬೇಕಾ ಬೇಡವಾ, ಮೊಮ್ಮಕ್ಕಳು ಇನ್ನೂ ಇಲ್ಲೇ ಇದ್ದಾರಲ್ಲ ಅಂತ. ಕೊನೆಗೆ ಕಾಗದಗಳು ಉಳಿದವು, ಅದು ಮುಖ್ಯ.

ಅದೇ ನೋಬಲ್ಸ್‌ವಿಲ್ಲಿನ ಕೋರ್ಟಿನಲ್ಲಿ 1925ರಲ್ಲಿ ಇಂಡಿಯಾನಾ ಕ್ಲಾನಿನ ಮುಖ್ಯಸ್ಥನಾಗಿದ್ದ ಡಿ. ಸಿ. ಸ್ಟೀಫನ್‌ಸನ್ ವಿಚಾರಣೆ ನಡೆದದ್ದು. ಆತ ಮ್ಯಾಜ್ ಓಬರ್‌ಹೋಲ್ಟ್‌ಜರ್ ಎಂಬ ಯುವತಿಯನ್ನು ಅಪಹರಿಸಿ ಕ್ರೂರವಾಗಿ ಹಿಂಸಿಸಿದ್ದ. ಆಕೆ ಸಾಯುವ ಮೊದಲು ಹಾಸಿಗೆಯಲ್ಲಿ ಮಲಗಿಕೊಂಡೇ ನಡೆದದ್ದೆಲ್ಲ ಹೇಳಿದಳು, ವಕೀಲರು ಬರೆದುಕೊಂಡರು, ಆಕೆ ಸಹಿ ಹಾಕಿದಳು. ಆ ಹೇಳಿಕೆಯನ್ನು ಕೋರ್ಟಿನಲ್ಲಿ ಓದಿದರು. "ಇಂಡಿಯಾನಾದಲ್ಲಿ ಕಾನೂನು ಅಂದರೆ ನಾನೇ" ಎಂಬ ಧಿಮಾಕಿನಲ್ಲಿದ್ದವನಿಗೆ ಜೀವಾವಧಿ ಶಿಕ್ಷೆಯಾಯಿತು.

ಇಲ್ಲಿಗೆ ಮುಗಿಯಲಿಲ್ಲ. ತಾನು ಗೆಲ್ಲಿಸಿಕೊಟ್ಟ ಗವರ್ನರ್ ಎಡ್ವರ್ಡ್ ಜಾಕ್ಸನ್ ತನಗೆ ಕ್ಷಮಾದಾನ ಕೊಡುತ್ತಾನೆ ಅಂತ ಸ್ಟೀಫನ್‌ಸನ್ ಜೈಲಿನಲ್ಲಿ ಕಾದ. ಕೊಡಲಿಲ್ಲ. ಆಗ ಆತ ಬಚ್ಚಿಟ್ಟಿದ್ದ ಪೆಟ್ಟಿಗೆಗಳ ಕಾಗದಗಳು ಹೊರಬಂದವು. ಯಾವ ರಾಜಕಾರಣಿಗೆ ಎಷ್ಟು ದುಡ್ಡು ಹೋಗಿದೆ, ಯಾರು ಯಾವ ಮಾತಿಗೆ ಒಪ್ಪಿ ಸಹಿ ಹಾಕಿದ್ದಾರೆ, ಎಲ್ಲ ಬಯಲಾಯಿತು. ಇಂಡಿಯಾನಾಪೊಲಿಸ್ ನಗರದ ಮೇಯರ್ ಜೈಲಿಗೆ ಹೋದ. ಗವರ್ನರ್ ಮೇಲೂ ಲಂಚದ ಕೇಸು ನಡೆಯಿತು, ಆದರೆ ಕೇಸು ಹಾಕುವ ಅವಧಿ ಮೀರಿದೆ ಎಂಬ ಕಾರಣಕ್ಕೆ ಆತ ತಪ್ಪಿಸಿಕೊಂಡ. ಇದನ್ನು ಬೆನ್ನು ಹತ್ತಿ ಬರೆದ ಇಂಡಿಯಾನಾಪೊಲಿಸ್ ಟೈಮ್ಸ್ ಪತ್ರಿಕೆಗೆ 1928ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ನೋಡಿ, ಮುಖ ಮುಚ್ಚಿಕೊಂಡು ಓಡಾಡುತ್ತಿದ್ದ ಸಂಘ ಅದು. ಅದರ ಬಲವೆಲ್ಲ ಗುಟ್ಟಿನಲ್ಲಿತ್ತು. ಆ ಗುಟ್ಟು ಒಡೆದದ್ದು ಅವರೇ ಬರೆದಿಟ್ಟ ಕಾಗದದಿಂದ. ಇವತ್ತು ನೀವು ಸುಟ್ಟರೆ ಅವರ ಗುಟ್ಟನ್ನು ಅವರಿಗಾಗಿ ನೀವು ಕಾಪಾಡಿದ ಹಾಗೆ.

ಕ್ಲಾನಿನವರಿಗೂ ಇದು ಚೆನ್ನಾಗಿ ಗೊತ್ತಿತ್ತು. 1965ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ದಾಖಲೆಗಳನ್ನು ತಂದುಕೊಡಿ ಅಂದಾಗ ಆಗಿನ ದೊಡ್ಡ ಕ್ಲಾನ್ ಗುಂಪಿನ ನಾಯಕ ರಾಬರ್ಟ್ ಶೆಲ್ಟನ್ ಕೊಡಲಿಲ್ಲ. ಅದಕ್ಕಾಗಿ ಜೈಲಿಗೆ ಹೋದ, ದಾಖಲೆ ಮಾತ್ರ ಕೊಡಲಿಲ್ಲ.

ಇನ್ನು ನಾನಿರುವ ಊರಿನ ವಿಷಯ. ಡೆನ್ವರಿನ ಕ್ಲಾನ್ ಸದಸ್ಯರ ಎರಡು ದಪ್ಪ ಲೆಡ್ಜರುಗಳು ಇಲ್ಲಿನ ಹಿಸ್ಟರಿ ಕೊಲರಾಡೊ ಸಂಸ್ಥೆಯಲ್ಲಿವೆ. 1924ರಿಂದ 1926ರವರೆಗಿನವು. 1940ರ ದಶಕದಲ್ಲಿ ಅವರ ಕೈಗೆ ಬಂದವು, ತುಂಬಾ ಕಾಲ ಎಲ್ಲರಿಗೂ ತೆರೆದಿರಲಿಲ್ಲ. 2021ರಲ್ಲಿ ಪುಟಪುಟವನ್ನೂ ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದರು. ಸುಮಾರು 1,300 ಪುಟ, 30,000 ನಮೂದು. ಆಗ ಇಡೀ ಡೆನ್ವರಿನ ಜನಸಂಖ್ಯೆ ಎರಡೂವರೆ ಲಕ್ಷ ಚಿಲ್ಲರೆ.

ನಾನು ಆ ಪುಟಗಳನ್ನು ಬಿಡುವಾದಾಗಲೆಲ್ಲ ನೋಡುತ್ತೇನೆ. ಗೆರೆ ಹಾಕಿದ ಪುಟ, ಕೈಬರಹ, ಒಂದರ ಕೆಳಗೊಂದು ಹೆಸರು, ಸದಸ್ಯ ಸಂಖ್ಯೆ, ವಿಳಾಸ. ಅದರಲ್ಲಿ ರಾಕ್ಷಸರು ಯಾರೂ ಕಾಣುವುದಿಲ್ಲ. ಅಚ್ಚುಕಟ್ಟಾದ ಗುಮಾಸ್ತನ ಬರಹ ಕಾಣುತ್ತದೆ, ನಾನು ದಿನಾ ಓಡಾಡುವ ರಸ್ತೆಗಳ ಹೆಸರು ಕಾಣುತ್ತದೆ. ಅದೇ ನನ್ನನ್ನು ಜಾಸ್ತಿ ಕಲಕುತ್ತದೆ. ಅಲ್ಲಿ ಬೆಂಜಮಿನ್ ಸ್ಟೇಪಲ್‌ಟನ್ ಹೆಸರಿದೆ, ಸದಸ್ಯ ಸಂಖ್ಯೆ 1128. ಆತ 1923ರಲ್ಲಿ ಡೆನ್ವರಿನ ಮೇಯರ್ ಆದವನು. ಕ್ಲಾನಿನ ಮನುಷ್ಯನನ್ನೇ ಪೊಲೀಸ್ ಮುಖ್ಯಸ್ಥನನ್ನಾಗಿ ಮಾಡಿದ. ಮುಂದೆ ಇಲ್ಲಿನ ವಿಮಾನ ನಿಲ್ದಾಣಕ್ಕೆ ಅವನದೇ ಹೆಸರಿಟ್ಟರು, ನಿಲ್ದಾಣ ಮುಚ್ಚಿದ ಮೇಲೆ ಆ ಜಾಗದಲ್ಲಿ ಎದ್ದ ಬಡಾವಣೆಗೂ ಅದೇ ಹೆಸರು ಬಂತು. 2020ರಲ್ಲಿ ನಿವಾಸಿಗಳು ಆ ಹೆಸರು ತೆಗೆದು ಸೆಂಟ್ರಲ್ ಪಾರ್ಕ್ ಅಂತ ಮಾಡಿಕೊಂಡರು. ಬಾಯಿಮಾತಿನ ಆರೋಪವಾಗಿದ್ದರೆ "ಅದೆಲ್ಲ ಸುಳ್ಳು, ಒಳ್ಳೆ ಮನುಷ್ಯನ ಹೆಸರು ಕೆಡಿಸ್ತಿದ್ದಾರೆ" ಅಂತ ತಳ್ಳಿಹಾಕಬಹುದಿತ್ತು. ಬರಹ ಇತ್ತು, ತಳ್ಳಿಹಾಕಲು ಆಗಲಿಲ್ಲ.

ರಸೀದಿಗಳನ್ನಾದರೂ ಎಸೆಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನನ್ನನ್ನು ಕೇಳಿದರೆ ಪೆಟ್ಟಿಗೆಯಲ್ಲಿ ತುಂಬಾ ಬೆಲೆಬಾಳುವುದು ಅವೇ. ಹೊಸ ಸದಸ್ಯ ಸೇರುವಾಗ 10 ಡಾಲರ್ ಕಟ್ಟಬೇಕಿತ್ತು. ಅದರಲ್ಲಿ 4 ಡಾಲರ್ ಸದಸ್ಯನನ್ನು ಹಿಡಿದು ತಂದ ಏಜೆಂಟನ ಕಮಿಷನ್. ಉಳಿದದ್ದು ಮೇಲಿನವರಲ್ಲಿ ಹಂಚಿಹೋಗುತ್ತಿತ್ತು. ನಿಲುವಂಗಿಯನ್ನೂ ಅವರಿಂದಲೇ ದುಡ್ಡು ಕೊಟ್ಟು ತಗೋಬೇಕಿತ್ತು. ದ್ವೇಷ ಹರಡುವುದು ಕೆಲವರಿಗೆ ಒಳ್ಳೆ ಲಾಭದ ದಂಧೆಯಾಗಿತ್ತು ಅನ್ನುವುದು ಭಾಷಣಗಳಲ್ಲಿ ಸಿಗುವುದಿಲ್ಲ, ರಸೀದಿಯಲ್ಲಿ ಸಿಗುತ್ತದೆ.

ಇನ್ನೊಂದು ಮಾತು. "ಇದು ಅವರ ದೇಶದ ಜಗಳ, ನಮಗ್ಯಾಕೆ" ಅಂತ ನಿಮ್ಮ ಸ್ನೇಹಿತರೊಬ್ಬರು ಅಂದರಂತೆ. ನಿಮ್ಮ ಕಾಗದಗಳ ಮೇಲಿನ ವರ್ಷ ನೋಡಿ. 1923ರ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ ಭಾರತೀಯರು ಬಿಳಿಯರಲ್ಲ, ಹಾಗಾಗಿ ಇಲ್ಲಿನ ಪೌರತ್ವ ಪಡೆಯಲಾರರು ಅಂತ ತೀರ್ಪು ಕೊಟ್ಟಿತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಇದೇ ದೇಶದ ಸೈನ್ಯದಲ್ಲಿದ್ದವರು. ಮರುವರ್ಷ ಬಂದ ವಲಸೆ ಕಾನೂನು ಏಷ್ಯಾದವರಿಗೆ ಬಾಗಿಲು ಬಹುತೇಕ ಪೂರ್ತಿ ಮುಚ್ಚಿತು. ಆ ಕಾನೂನಿಗಾಗಿ ಕ್ಲಾನ್ ಜೋರಾಗಿ ಒತ್ತಾಯಿಸಿತ್ತು. 1965ರಲ್ಲಿ ಕಾನೂನು ಬದಲಾದ ಮೇಲೆಯೇ ನಮ್ಮವರು ಡಾಕ್ಟರು, ಎಂಜಿನಿಯರು ಅಂತ ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬರಲು ಆದದ್ದು. ನಿಮ್ಮ ಮನೆಯಲ್ಲಿ ಆ ಪೆಟ್ಟಿಗೆ ಇಟ್ಟವರು ನೀವು ಆ ಮನೆಗೆ ಎಂದೂ ಬರಬಾರದು ಅಂತ ಬಯಸಿದವರು. ನಿಮಗೂ ಅದಕ್ಕೂ ಸಂಬಂಧ ಇದೆ.

ಸುಟ್ಟುಬಿಡೋಣ ಎಂಬ ಮಾತು ಸರ್ಕಾರದ ಮಟ್ಟದಲ್ಲೂ ಬಂದಿತ್ತು. ಮಿಸಿಸಿಪ್ಪಿ ರಾಜ್ಯ 1956ರಲ್ಲಿ ಸಾವರಿನ್ಟಿ ಕಮಿಷನ್ ಅಂತ ಒಂದು ಇಲಾಖೆ ಮಾಡಿತ್ತು. ಕಪ್ಪು ಮಕ್ಕಳು ಬಿಳಿಯರ ಶಾಲೆಗೆ ಬರದಂತೆ ತಡೆಯುವುದು, ಹಕ್ಕು ಕೇಳಿದವರ ಮೇಲೆ ಗೂಢಚಾರಿಕೆ ಮಾಡುವುದು ಅದರ ಕೆಲಸ. ಬಿಳಿಯರ ಸಿಟಿಜನ್ಸ್ ಕೌನ್ಸಿಲ್ ಎಂಬ ಸಂಘಕ್ಕೆ ಸರ್ಕಾರದ ದುಡ್ಡನ್ನೂ ಕೊಡುತ್ತಿತ್ತು. 1977ರಲ್ಲಿ ಇಲಾಖೆ ಮುಚ್ಚುವಾಗ ಕಡತಗಳನ್ನು ನಾಶ ಮಾಡಬೇಕು ಅಂತ ಕೆಲವು ಶಾಸಕರು ಹಟ ಹಿಡಿದರು. ಕೊನೆಗೆ 2027ರವರೆಗೆ ಸೀಲು ಮಾಡಿ ಇಡೋಣ ಅಂತಾಯಿತು. ಅದರ ವಿರುದ್ಧ ಇಪ್ಪತ್ತು ವರ್ಷ ಕೇಸು ನಡೆದು 1998ರ ಮಾರ್ಚಿನಲ್ಲಿ 1,24,000ಕ್ಕೂ ಹೆಚ್ಚು ಪುಟ ತೆರೆದವು.

ಒಳಗಿದ್ದ ಒಂದೇ ಒಂದು ಕತೆ ಹೇಳುತ್ತೇನೆ. ಕ್ಲೈಡ್ ಕೆನಾರ್ಡ್ ಎಂಬ ಕಪ್ಪು ಮನುಷ್ಯ, ಸೈನ್ಯದಲ್ಲಿದ್ದು ಬಂದವರು, ಕೋಳಿ ಸಾಕಿಕೊಂಡಿದ್ದರು. ಹ್ಯಾಟಿಸ್‌ಬರ್ಗಿನ ಬಿಳಿಯರ ಕಾಲೇಜಿಗೆ ಸೇರಬೇಕು ಅಂತ ಮತ್ತೆಮತ್ತೆ ಅರ್ಜಿ ಹಾಕಿದರು. 1960ರಲ್ಲಿ 25 ಡಾಲರಿನ ಕೋಳಿ ಮೇವು ಕದಿಯಲು ಹೇಳಿಕೊಟ್ಟರು ಅಂತ ಸುಳ್ಳು ಕೇಸು ಹಾಕಿ ಏಳು ವರ್ಷ ಜೈಲು ಕೊಟ್ಟರು. ಜೈಲಿನಲ್ಲಿ ಕ್ಯಾನ್ಸರ್ ಬಂದು, ಸರಿಯಾದ ಚಿಕಿತ್ಸೆ ಇಲ್ಲದೆ ನರಳಿ, ಸಾಯುವ ಹೊತ್ತಿಗೆ ಹೊರಗೆ ಬಿಟ್ಟರು. 1963ರಲ್ಲಿ ತೀರಿಕೊಂಡರು. ಅವರನ್ನು ಹೇಗಾದರೂ ಮಾಡಿ ತಡೆಯಲು ನಡೆದ ಮಸಲತ್ತು ಕಮಿಷನ್ ಕಡತಗಳಲ್ಲಿ ಸಿಕ್ಕಿತು. 2006ರಲ್ಲಿ ಕೋರ್ಟು ಅವರು ನಿರ್ದೋಷಿ ಅಂದಿತು. ಹೋದ ಜೀವ ಬರಲಿಲ್ಲ, ಕಳ್ಳ ಎಂಬ ಹೆಸರು ಮಾತ್ರ ಹೋಯಿತು. ಅವರ ಮನೆಯವರಿಗೆ ಅದು ಸಣ್ಣ ವಿಷಯ ಅಲ್ಲ.

ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮೆಡ್ಗರ್ ಎವರ್ಸ್ ಕೊಲೆ ಕೇಸೂ ಹಾಗೇ. 1963ರಲ್ಲಿ ಅವರನ್ನು ಗುಂಡಿಟ್ಟು ಕೊಂದ ಬೈರನ್ ಡಿ ಲಾ ಬೆಕ್‌ವಿತ್ ಎರಡು ಸಲ ತಪ್ಪಿಸಿಕೊಂಡಿದ್ದ, ಎರಡು ಸಲವೂ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಜ್ಯೂರಿ ಆಯ್ಕೆಯಲ್ಲಿ ಕಮಿಷನ್ ಗುಟ್ಟಾಗಿ ಅವನ ವಕೀಲರಿಗೆ ಸಹಾಯ ಮಾಡಿತ್ತು ಅಂತ 1989ರಲ್ಲಿ ಪತ್ರಕರ್ತ ಜೆರಿ ಮಿಚೆಲ್ ಬಯಲು ಮಾಡಿದರು. ಕೇಸು ಮತ್ತೆ ತೆರೆಯಿತು. 1994ರಲ್ಲಿ ಶಿಕ್ಷೆಯಾಯಿತು.

ಈಗ ನಿಮ್ಮ ಕಷ್ಟದ ಪ್ರಶ್ನೆಗೆ ಬರೋಣ: ಸತ್ತವರ ಹೆಸರು ಬಯಲು ಮಾಡುವುದು ಸರಿಯಾ?

ಇದಕ್ಕೆ ಒಂದೇ ಮಾತಿನ ಉತ್ತರ ಕೊಡುವವರನ್ನು ನಂಬಬೇಡಿ. ಮಿಸಿಸಿಪ್ಪಿ ಕಡತಗಳಲ್ಲಿ ಸುಮಾರು 87,000 ಹೆಸರುಗಳಿವೆ. ಅದರಲ್ಲಿ ಬೇಹುಗಾರಿಕೆ ಮಾಡಿದವರೂ ಇದ್ದಾರೆ, ಅದಕ್ಕೆ ಗುರಿಯಾದವರೂ ಇದ್ದಾರೆ. ಗುರಿಯಾದವರ ಬಗ್ಗೆ ಕಟ್ಟಿದ ಸುಳ್ಳು, ಹಾಸಿಗೆಯ ಗಾಸಿಪ್ಪು ಎಲ್ಲ ಅದರಲ್ಲಿದೆ. ಅದನ್ನು ಹಾಗೇ ಬಿಟ್ಟರೆ ಅವರಿಗೆ ಎರಡನೇ ಸಲ ಅನ್ಯಾಯ. ಅದಕ್ಕೇ ಕೋರ್ಟು ಪತ್ರಿಕೆಗಳಲ್ಲಿ ಜಾಹೀರಾತು ಹಾಕಿಸಿ, ಗುರಿಯಾದವರು ಬೇಕಾದರೆ ತಮ್ಮ ವಿವರ ಮುಚ್ಚಿಸಿಕೊಳ್ಳಬಹುದು ಅಂತ ಅವಕಾಶ ಕೊಟ್ಟಿತು. ಹಿಂಸೆ ಮಾಡಿದವರ ಹೆಸರಿಗೂ ಹಿಂಸೆ ಉಂಡವರ ಹೆಸರಿಗೂ ಒಂದೇ ಅಳತೆ ಇಡಬಾರದು.

ಅಮೆರಿಕದ ಸುಪ್ರೀಂ ಕೋರ್ಟು ಕೂಡ ಈ ವ್ಯತ್ಯಾಸ ನೋಡಿದೆ. ಕ್ಲಾನ್ ತನ್ನ ಸದಸ್ಯರ ಪಟ್ಟಿ ಸಲ್ಲಿಸಬೇಕು ಎಂಬ ನ್ಯೂಯಾರ್ಕ್ ಕಾನೂನನ್ನು 1928ರಲ್ಲಿ ಎತ್ತಿಹಿಡಿಯಿತು. 1958ರಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘದ ಸದಸ್ಯರ ಪಟ್ಟಿ ಕೊಡಿ ಅಂತ ಅಲಬಾಮಾ ಕೇಳಿದಾಗ ಕೊಡಬೇಕಿಲ್ಲ ಅಂದಿತು. ಒಂದು ಪಟ್ಟಿ ಹೊರಬಂದರೆ ಹೆದರಿಸುವವರು ಬಯಲಾಗುತ್ತಾರೆ, ಇನ್ನೊಂದು ಹೊರಬಂದರೆ ಹೆದರಿ ಬದುಕುತ್ತಿರುವವರು ಸಿಕ್ಕಿಬೀಳುತ್ತಾರೆ. ನನಗೆ ಆ ತರ್ಕ ಸರಿ ಅನ್ನಿಸುತ್ತದೆ.

ಆದರೆ ಆತುರ ಬೇಡ. 1922ರಿಂದ ಷಿಕಾಗೋದಲ್ಲಿ ಟಾಲರನ್ಸ್ ಅಂತ ಒಂದು ಪತ್ರಿಕೆ ಕ್ಲಾನ್ ಸದಸ್ಯರ ಹೆಸರು, ವಿಳಾಸ ಅಚ್ಚುಹಾಕುತ್ತಿತ್ತು. ಜನ ಮುಗಿಬಿದ್ದು ಕೊಂಡರು, ಕ್ಲಾನಿಗೆ ನಿಜಕ್ಕೂ ಪೆಟ್ಟು ಬಿತ್ತು. ಆಮೇಲೆ ಚ್ಯೂಯಿಂಗ್ ಗಮ್ ಉದ್ಯಮಿ ವಿಲಿಯಂ ರಿಗ್ಲಿ ಕೂಡ ಸದಸ್ಯ ಅಂತ ಬರೆಯಿತು. ಅವರ ಹೆಸರಿನ ಅರ್ಜಿಯಲ್ಲಿದ್ದ ಸಹಿ ನಕಲಿ. ರಿಗ್ಲಿ ಕೇಸು ಹಾಕಿದರು, ಪತ್ರಿಕೆಯ ಮಾನ ಹೋಯಿತು. ಒಳ್ಳೆಯ ಕೆಲಸ ಒಂದು ಸುಳ್ಳು ಹೆಸರಿನಿಂದ ಕೆಟ್ಟಿತು. ನಿಮ್ಮ ಪಟ್ಟಿಯ ಫೋಟೋ ಫೇಸ್‌ಬುಕ್ಕಿಗೆ ಬೇಡ ಅಂದದ್ದು ಇದಕ್ಕೇ. ಒಂದೇ ಹೆಸರಿನವರು ಒಂದೇ ಊರಲ್ಲಿ ನಾಲ್ಕು ಜನ ಇರಬಹುದು. ಒಂದೇ ತಿಂಗಳಿಗೆ ಬಿಟ್ಟವರೂ ಇರಬಹುದು. ಅದನ್ನೆಲ್ಲ ಬಿಡಿಸಿ ನೋಡಲು ಪಟ್ಟಿ ತಜ್ಞರ ಕೈಯಲ್ಲಿರಬೇಕು.

ಹಾಗಾದರೆ ಏನು ಮಾಡಬೇಕು? ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ. ಅಲ್ಲಿಯ ಸೆಕೆಗೆ ಕಾಗದ ಪುಡಿಯಾಗುತ್ತದೆ. ಬೇಸ್‌ಮೆಂಟಿಗೂ ಬೇಡ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ನೀವು ಮಲಗುವ, ಓಡಾಡುವ ಅಂತಸ್ತಿನ ಯಾವುದಾದರೂ ಕಪಾಟು ಸಾಕು. ಅತ್ತೆಯವರಿಗೆ ಕೆಲವೇ ದಿನದ ಮಾತು ಅಂತ ಹೇಳಿ. ಕೈ ತೊಳೆದು ಒರೆಸಿಕೊಂಡು ಮುಟ್ಟಿ. ಹರಿದದ್ದಕ್ಕೆ ಟೇಪ್ ಹಚ್ಚಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ, ನಿಲುವಂಗಿ ಒಗೆಯಬೇಡಿ. ಜೋಡಿಸುವ ಉತ್ಸಾಹವನ್ನೂ ತಡೆದುಕೊಳ್ಳಿ. ಯಾವ ಕಾಗದ ಯಾವುದರ ಜೊತೆ ಇತ್ತು ಅನ್ನುವುದೇ ಒಂದು ಸಾಕ್ಷಿ. ಮುಟ್ಟುವ ಮೊದಲು ಇದ್ದ ಹಾಗೇ ಫೋಟೋ ತೆಗೆದಿಟ್ಟುಕೊಳ್ಳಿ. ಪೆಟ್ಟಿಗೆ ಅಟ್ಟದ ಯಾವ ಮೂಲೆಯಲ್ಲಿತ್ತು, ಯಾವತ್ತು ಸಿಕ್ಕಿತು ಅಂತ ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ.

ಆಮೇಲೆ ಇಂಡಿಯಾನಾಪೊಲಿಸಿನ ಇಂಡಿಯಾನಾ ಹಿಸ್ಟಾರಿಕಲ್ ಸೊಸೈಟಿಗೆ ಫೋನ್ ಮಾಡಿ. ವೇನ್ ಕೌಂಟಿಯ ಕ್ಲಾನ್ ದಾಖಲೆಗಳು ಆಗಲೇ ಅವರಲ್ಲಿವೆ. ಮನ್ಸಿಯ ಬಾಲ್ ಸ್ಟೇಟ್ ವಿಶ್ವವಿದ್ಯಾಲಯ ಕೂಡ ಇಂಥ ಕಾಗದ ಇಟ್ಟಿದೆ. ಅವರು ಬೆಚ್ಚಿಬೀಳುವುದಿಲ್ಲ, ನಿಮ್ಮನ್ನು ಅನುಮಾನದಿಂದಲೂ ನೋಡುವುದಿಲ್ಲ. ಇಂಥ ಫೋನ್ ಬರುತ್ತಲೇ ಇರುತ್ತದೆ. ಸಂಗ್ರಾಹಕರು ಜಾಸ್ತಿ ದುಡ್ಡು ಕೊಡಬಹುದು, ಆದರೆ ಅವರಲ್ಲಿ ಕೆಲವರು ಇದನ್ನು ಪೂಜೆಗೆ ಇಟ್ಟುಕೊಳ್ಳುವವರು. ಚೀಟಿ ಒಬ್ಬನಿಗೆ, ಪಟ್ಟಿ ಇನ್ನೊಬ್ಬನಿಗೆ ಅಂತ ಚದುರಿಹೋದರೆ ಮತ್ತೆ ಒಟ್ಟುಗೂಡುವುದಿಲ್ಲ. ಕೊಡುವಾಗ ದಾನಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ನಿಮ್ಮ ಹೆಸರು, ಮನೆ ವಿಳಾಸ ಹೊರಗೆ ಕಾಣಬಾರದು ಅಂತಿದ್ದರೆ ಆಗಲೇ ಕೇಳಿ, ಬರೆಸಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಇಡುತ್ತಾರಾ, ಯಾರು ಬಂದು ನೋಡಬಹುದು ಅಂತಲೂ ಕೇಳಿ. ನಿಲುವಂಗಿ ಬೇಡ ಅಂದರೆ ಮಿಷಿಗನ್ನಿನ ಫೆರಿಸ್ ಸ್ಟೇಟ್ ವಿಶ್ವವಿದ್ಯಾಲಯದ ಜಿಮ್ ಕ್ರೋ ಮ್ಯೂಸಿಯಮ್ಮನ್ನು ಕೇಳಿ ನೋಡಿ. ಇಂಥ ವಸ್ತುಗಳನ್ನು ಪಾಠ ಹೇಳಲೆಂದೇ ಇಟ್ಟುಕೊಂಡಿರುವವರು ಅವರು.

ಪಕ್ಕದ ಮನೆಯವರ ವಿಷಯ ಕೊನೆಗೆ ಇಟ್ಟುಕೊಂಡೆ. ಸರ್‌ನೇಮ್ ಒಂದೇ ಅಂದ ಮಾತ್ರಕ್ಕೆ ಅವರ ಅಜ್ಜನೇ ಅಂತಲ್ಲ. 1920 ಮತ್ತು 1930ರ ಜನಗಣತಿ ಹಾಳೆಗಳು ಎಲ್ಲರಿಗೂ ತೆರೆದಿವೆ, ಆ ಕಾಲದ ಊರಿನ ಡೈರೆಕ್ಟರಿಗಳೂ ಸಿಗುತ್ತವೆ. ವಿಳಾಸ ಹೊಂದಿಸಿ ನೋಡಬಹುದು, ಆರ್ಕೈವಿನವರೂ ಸಹಾಯ ಮಾಡುತ್ತಾರೆ. ಅವರ ಅಜ್ಜನೇ ಅಂತ ಗೊತ್ತಾದರೂ ನೀವಾಗಿ ಹೋಗಿ ಹೇಳಬೇಕಾಗಿಲ್ಲ. ಮೊಮ್ಮಗ ಆ ಚೀಟಿಗೆ ಸಹಿ ಹಾಕಿದವನಲ್ಲ. ಆದರೆ ಅವರೇ ಒಂದು ದಿನ ಆ ಪೆಟ್ಟಿಗೆಯಲ್ಲಿ ನಮ್ಮವರ ಹೆಸರಿತ್ತಾ ಅಂತ ಕೇಳಿದರೆ ಇಲ್ಲ ಅನ್ನಬೇಡಿ. ಇತ್ತು ಅಂತ ಹೇಳಿ, ಅದು ಈಗ ಎಲ್ಲಿದೆ, ಹೋಗಿ ನೋಡಲು ಯಾರನ್ನು ಕೇಳಬೇಕು ಅಂತ ತಿಳಿಸಿ. ಜೊತೆಗೆ ಬನ್ನಿ ಅಂದರೆ ಹೋಗಿ ಬನ್ನಿ.